ಹೆಸರಿಲ್ಲದ ಮಳೆಗೂ ಲೆಕ್ಕ ಇಡೋಣ

ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದರೆ ಸಾಕು, ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ವಿಡಿಯೋಗಳು ಓಡಾಡಲು ಶುರುವಾಗುತ್ತವೆ. ತೆಂಗಿನ ಮರ ನೆಲಕ್ಕೆ ಬಾಗುತ್ತಿರುತ್ತದೆ, ತಗಡಿನ ಶೀಟು ಹಾರುತ್ತಿರುತ್ತದೆ. ಕೆಳಗೆ ಬರೆದ ಹೆಸರು ಮಾತ್ರ ವರ್ಷ ವರ್ಷ ಬದಲಾಗುತ್ತದೆ. 2019ರಲ್ಲಿ ಕ್ಯಾರ್, 2021ರಲ್ಲಿ ತೌಕ್ತೆ, 2023ರಲ್ಲಿ ಬಿಪರ್‌ಜಾಯ್. ವಿಡಿಯೋ ಯಾವ ಊರಿನದ್ದು, ಯಾವ ವರ್ಷದ್ದು ಎಂದು ಕೇಳುವವರು ಕಡಿಮೆ.

ಅದರ ಹಿಂದೆಯೇ ಒಂದು ಪ್ರಶ್ನೆಯೂ ಬರುತ್ತದೆ: "ಈ ಹೆಸರಿನ ಚಂಡಮಾರುತ ಮೊದಲೂ ಬಂದಿತ್ತಲ್ಲ? ಆಗ ನಮಗೇನೂ ಆಗಿರಲಿಲ್ಲ." ಈ ಮಾತಿನಲ್ಲಿ ಎರಡು ತಪ್ಪುಗಳಿವೆ. ಒಂದು, ನಮ್ಮ ಸಮುದ್ರದಲ್ಲಿ ಒಂದೇ ಹೆಸರು ಎರಡು ಸಲ ಬರುವುದಿಲ್ಲ. ಎರಡು, ಬಂದರೂ ಹೆಸರು ನೋಡಿ ಗಾಳಿಯ ಬಲ ಹೇಳಲಾಗದು. ಈ ಎರಡನ್ನೂ ಸರಿಯಾಗಿ ತಿಳಿದುಕೊಂಡರೆ ನಮ್ಮ ತೋಟ, ಗದ್ದೆ, ಮನೆಗೆ ಉಪಯೋಗವಾಗುವ ಒಂದು ಮಾತು ಸಿಗುತ್ತದೆ.

ಹೆಸರು ಇಡುವವರು ಯಾರು?

ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿ ಎರಡಕ್ಕೂ ಸೇರಿ ಒಂದೇ ಹೆಸರಿನ ಪಟ್ಟಿ. 2004ಕ್ಕಿಂತ ಮೊದಲು ಇಲ್ಲಿ ಹೆಸರಿಡುವ ಪದ್ಧತಿಯೇ ಇರಲಿಲ್ಲ, ನಂಬರು ಮಾತ್ರ. ಒಡಿಶಾದಲ್ಲಿ 1999ರ ಅಕ್ಟೋಬರಿನಲ್ಲಿ ಸುಮಾರು ಹತ್ತು ಸಾವಿರ ಜನರನ್ನು ಕೊಂದ ಆ ಭೀಕರ ಚಂಡಮಾರುತಕ್ಕೆ ಹವಾಮಾನ ದಾಖಲೆಯಲ್ಲಿ ಇರುವ ಗುರುತು "ಬಿಒಬಿ 06", ಅಂದರೆ ಬಂಗಾಳ ಕೊಲ್ಲಿಯ ಆರನೆಯದು. ಹೊಸ ವರ್ಷ ಬಂದರೆ ಎಣಿಕೆ ಮತ್ತೆ ಒಂದರಿಂದ. ಹಾಗಾಗಿ ಒಂದೇ ಗುರುತು ಬೇರೆ ಬೇರೆ ವರ್ಷಗಳ ಬೇರೆ ಬೇರೆ ಗಾಳಿಗೆ ಅಂಟುತ್ತಿತ್ತು.

2004ರ ಸೆಪ್ಟೆಂಬರಿನಲ್ಲಿ ಅರಬ್ಬಿ ಸಮುದ್ರದಲ್ಲಿ ಎದ್ದ ಚಂಡಮಾರುತಕ್ಕೆ ಮೊದಲ ಹೆಸರು ಬಿತ್ತು: ಒನಿಲ್. ಬಾಂಗ್ಲಾದೇಶ ಕೊಟ್ಟ ಹೆಸರು. ನಮ್ಮ "ಅನಿಲ"ವೇ ಬಂಗಾಳಿ ನಾಲಿಗೆಯಲ್ಲಿ ಒನಿಲ್. ಭಾರತ, ಬಾಂಗ್ಲಾದೇಶ, ಮಾಲ್ಡೀವ್ಸ್, ಮ್ಯಾನ್ಮಾರ್, ಒಮಾನ್, ಪಾಕಿಸ್ತಾನ, ಶ್ರೀಲಂಕಾ, ಥಾಯ್ಲೆಂಡ್ ಎಂಬ ಎಂಟು ದೇಶಗಳು ತಲಾ ಎಂಟು ಹೆಸರು ಕೊಟ್ಟು 64 ಹೆಸರಿನ ಪಟ್ಟಿ ಮಾಡಿದ್ದವು. ಅದು 2020ರ ಮೇ ತಿಂಗಳ ಅಂಫಾನ್‌ನೊಂದಿಗೆ ಮುಗಿಯಿತು. ಅಷ್ಟರಲ್ಲಿ ಇರಾನ್, ಕತಾರ್, ಸೌದಿ ಅರೇಬಿಯಾ, ಯುಎಇ, ಯೆಮನ್ ಸೇರಿ ದೇಶಗಳು ಹದಿಮೂರಾಗಿದ್ದವು. ತಲಾ ಹದಿಮೂರರಂತೆ 169 ಹೆಸರುಗಳ ಹೊಸ ಪಟ್ಟಿ ಬಂತು. ನಿಸರ್ಗ, ತೌಕ್ತೆ, ಬಿಪರ್‌ಜಾಯ್ ಎಲ್ಲ ಈ ಹೊಸ ಪಟ್ಟಿಯವು.

ಪಟ್ಟಿಯ ನಿಯಮ ಸರಳ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ದಿಲ್ಲಿಯ ಹವಾಮಾನ ಇಲಾಖೆ ಪಟ್ಟಿಯ ಮುಂದಿನ ಹೆಸರನ್ನು ಕೊಡುತ್ತದೆ. ಒಮ್ಮೆ ಬಳಸಿದ ಹೆಸರು ಮುಗಿಯಿತು, ಅದು ಯಾರನ್ನೂ ಕೊಲ್ಲದೆ ಸಮುದ್ರದಲ್ಲೇ ಕರಗಿಹೋದರೂ ಸರಿ.

ಹೆಸರಿಗೂ ಗುಣಕ್ಕೂ ಸಂಬಂಧ ಇಲ್ಲ. ತೌಕ್ತೆ ಎಂದರೆ ಬರ್ಮಾ ಭಾಷೆಯಲ್ಲಿ ಜೋರಾಗಿ ಕೂಗುವ ಒಂದು ಜಾತಿಯ ಹಲ್ಲಿ. ಗುಲಾಬ್ ಎಂದರೆ ಗುಲಾಬಿಯೇ. ಬಿಪರ್‌ಜಾಯ್ ಎಂದರೆ ಬಂಗಾಳಿಯಲ್ಲಿ ವಿಪತ್ತು; ನಮ್ಮ "ವಿಪರ್ಯಯ"ದ ಸೋದರ ಶಬ್ದ. ಹಲ್ಲಿಯ ಹೆಸರಿನದ್ದು ಕರಾವಳಿಯ ಉದ್ದಕ್ಕೂ ಹಾನಿ ಮಾಡುತ್ತ ಗುಜರಾತಿನವರೆಗೆ ಹೋಯಿತು. ಗುಲಾಬಿಯ ಹೆಸರಿನದ್ದು 2021ರ ಸೆಪ್ಟೆಂಬರಿನಲ್ಲಿ ಆಂಧ್ರದ ಕಡೆಯಿಂದ ಒಳಗೆ ನುಗ್ಗಿ, ಇಡೀ ದೇಶ ದಾಟಿ ಅರಬ್ಬಿ ಸಮುದ್ರಕ್ಕೆ ಇಳಿದು, ಅಲ್ಲಿ ಮತ್ತೆ ಬಲ ಪಡೆದು ಶಾಹೀನ್ ಎಂಬ ಎರಡನೇ ಹೆಸರಿನಲ್ಲಿ ಒಮಾನಿಗೆ ಹೊಡೆಯಿತು. ಒಂದೇ ಗಾಳಿಗೆ ಎರಡು ಹೆಸರು!

ಒಂದೇ ಹೆಸರು, ಬೇರೆ ಬೇರೆ ಗಾಳಿ

ಹೆಸರು ಮರಳಿ ಬರುವ ಸಮುದ್ರ ಬೇರೆ ಇದೆ. ಅಮೆರಿಕದ ಪೂರ್ವಕ್ಕಿರುವ ಅಟ್ಲಾಂಟಿಕ್ ಸಾಗರದಲ್ಲಿ ಹೆಸರಿನ ಆರು ಪಟ್ಟಿಗಳಿವೆ, ವರ್ಷಕ್ಕೊಂದು. ಆರು ವರ್ಷ ಕಳೆದರೆ ಮೊದಲ ಪಟ್ಟಿ ಮತ್ತೆ ಬರುತ್ತದೆ. ಬಹಳ ಹಾನಿ ಮಾಡಿದ ಹೆಸರನ್ನು ಮಾತ್ರ ಪಟ್ಟಿಯಿಂದ ತೆಗೆದು ಬೇರೆ ಹೆಸರು ಸೇರಿಸುತ್ತಾರೆ.

ಕತ್ರೀನಾ ಎಂಬ ಹೆಸರನ್ನು ನೋಡಿ. 1999ರ ಕತ್ರೀನಾ ಮಧ್ಯ ಅಮೆರಿಕದ ನಿಕರಾಗುವಾದ ಮೇಲೆ ಹಾದುಹೋದ ಒಂದು ಸಣ್ಣ ಬಿರುಗಾಳಿ. ಇಂದು ಅದನ್ನು ಯಾರೂ ನೆನಪಿಟ್ಟಿಲ್ಲ. ಆರು ವರ್ಷದ ನಂತರ, 2005ರ ಆಗಸ್ಟ್ 29ರಂದು ಅದೇ ಹೆಸರಿನ ಮತ್ತೊಂದು ಲೂಸಿಯಾನಾ ರಾಜ್ಯಕ್ಕೆ ಬಡಿಯಿತು. ನ್ಯೂ ಆರ್ಲಿಯನ್ಸ್ ನಗರದ ಒಡ್ಡುಗಳು ಒಡೆದು ಊರೇ ಮುಳುಗಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಆ ಹೆಸರನ್ನು ಪಟ್ಟಿಯಿಂದ ತೆಗೆದರು.

ಐಡಾ ಎಂಬ ಹೆಸರಿನದ್ದೂ ಅದೇ ಕತೆ. 2009ರ ಐಡಾ ನಿಕರಾಗುವಾಕ್ಕೆ ಹೊಡೆಯಿತು. 2015ರ ಐಡಾ ನೆಲ ಮುಟ್ಟದೆ ನಡುಸಮುದ್ರದಲ್ಲೇ ಮುಗಿಯಿತು. 2021ರ ಐಡಾ ಮತ್ತೆ ಲೂಸಿಯಾನಾಕ್ಕೆ, ಮತ್ತೆ ಆಗಸ್ಟ್ 29ರಂದೇ ಬಂದು ಅಪ್ಪಳಿಸಿತು. ಅದರ ಉಳಿಕೆ ಮಳೆ ಸಾವಿರಕ್ಕೂ ಹೆಚ್ಚು ಮೈಲಿ ಸಾಗಿ ನ್ಯೂಯಾರ್ಕಿನಲ್ಲೂ ಜನರನ್ನು ಮುಳುಗಿಸಿತು. 2015ರದ್ದನ್ನು ನೆನೆದು 2021ರಲ್ಲಿ ಸುಮ್ಮನೆ ಕೂತವನ ಗತಿ ಏನಾಗಿರಬಹುದು ಎಂದು ಯೋಚಿಸಿ.

ನಮ್ಮಲ್ಲಿ ಪ್ರತಿವರ್ಷ ಮರಳುವ ಹೆಸರು

ನಿಜ ಹೇಳಬೇಕೆಂದರೆ ಮರಳಿ ಬರುವ ಹೆಸರು ನಮಗೆ ಹೊಸದಲ್ಲ. ಮಲೆನಾಡಿನಲ್ಲಿ ಮಳೆಗೆ ಹೆಸರಿಟ್ಟೇ ಮಾತಾಡುತ್ತೇವೆ. ರೋಹಿಣಿ, ಮೃಗಶಿರಾ, ಆರ್ದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ, ಹುಬ್ಬಾ, ಉತ್ತರಾ, ಹಸ್ತ, ಚಿತ್ತಾ, ಸ್ವಾತಿ, ವಿಶಾಖಾ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಪಂಚಾಂಗದಲ್ಲಿ ತಾರೀಕು ಹೆಚ್ಚುಕಡಿಮೆ ಅದೇ. ಹೆಸರೂ ಅದೇ.

ಆದರೆ ನಮ್ಮ ಹಿರಿಯರು "ಆರ್ದ್ರೆ ಅಂದರೆ ಆರ್ದ್ರೆ" ಎಂದು ಸುಮ್ಮನೆ ಕೂರುತ್ತಿರಲಿಲ್ಲ. "ಈ ಸರ್ತಿ ಆರಿದ್ರೆ ಚೊಲೋ ಆತು", "ಹೋದ್ವರ್ಷ ಹಸ್ತ ಕೈಕೊಟ್ತು" ಎಂದು ವರ್ಷಕ್ಕೊಂದು ಲೆಕ್ಕ ಹೇಳುತ್ತಿದ್ದರು. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂದು ಗಾದೆ ಹೇಳಿದವರೇ ಕೊಳೆ ಬರುವಷ್ಟು ಮಳೆ ಹಿಡಿದರೆ ಔಷಧಿ ಹೊಡೆಯುವವನನ್ನು ಕರೆಯಲು ಓಡುತ್ತಿದ್ದರು. ಹೆಸರು ಗುರುತಿಗೆ, ಅಳತೆ ಅನುಭವಕ್ಕೆ. ಈ ಎರಡನ್ನೂ ಅವರು ಬೇರೆ ಇಟ್ಟಿದ್ದರು. ಈಗ ನಾವು ಮೊಬೈಲಿನಲ್ಲಿ ಬರುವ ಹೆಸರಿಗೇ ಹೆದರುತ್ತೇವೆ, ಹೆಸರಿಲ್ಲದ ಮಳೆಯನ್ನು ಮರೆತುಬಿಡುತ್ತೇವೆ.

ನಮ್ಮ ಜಿಲ್ಲೆಯನ್ನು ಮುರಿದದ್ದು ಯಾವುದು?

ಇಲ್ಲಿ ಹಳೆಯ ತಾರೀಕುಗಳನ್ನು ಜೋಡಿಸಿ ನೋಡಬೇಕು.

2009ರ ಅಕ್ಟೋಬರ್ 2. ಹಸ್ತ ಮಳೆ. ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಮಣ್ಣಿನಡಿ ಸತ್ತರು. ಆ ಮಳೆಗೆ ಯಾವ ಚಂಡಮಾರುತದ ಹೆಸರೂ ಇರಲಿಲ್ಲ. ಐದಾರು ವಾರದ ನಂತರ, ನವೆಂಬರಿನ ವಿಶಾಖಾ ಮಳೆಯ ದಿನಗಳಲ್ಲಿ ಫಯಾನ್ ಎಂಬ ಚಂಡಮಾರುತ ನಮ್ಮ ಕರಾವಳಿಯ ಎದುರಿನಿಂದ ಹಾದು ಮಹಾರಾಷ್ಟ್ರದಲ್ಲಿ ನೆಲ ಮುಟ್ಟಿತು. ಪೇಪರಿನಲ್ಲಿ ದೊಡ್ಡ ಅಕ್ಷರದಲ್ಲಿ ಬಂದದ್ದು ಫಯಾನ್.

2019ರ ಅಕ್ಟೋಬರ್ ಕೊನೆ. ಸ್ವಾತಿ ಮಳೆ, ದೀಪಾವಳಿಯ ಹೊತ್ತು. ಕ್ಯಾರ್ ಎಂಬ ಸೂಪರ್ ಸೈಕ್ಲೋನ್ ಎದ್ದಿತು. 2007ರ ಗೋನು ಬಿಟ್ಟರೆ ಅರಬ್ಬಿ ಸಮುದ್ರದಲ್ಲಿ ಅಷ್ಟು ಬಲದ್ದು ಅದೇ. ಅದು ಇನ್ನೂ ಇರುವಾಗಲೇ ಮಹಾ ಎಂಬ ಇನ್ನೊಂದು ಹುಟ್ಟಿತು. ಕ್ಯಾರ್ ಕೊನೆಯವರೆಗೂ ನೆಲ ಮುಟ್ಟಲೇ ಇಲ್ಲ. ಆದರೂ ಭತ್ತ ಕೊಯ್ಲಿಗೆ ಬರುವ ಹೊತ್ತಿನಲ್ಲಿ ಮಳೆ ಬಿಡದೆ ಬಂತು.

2021ರ ಮೇ 14ರಿಂದ 17. ಕೃತ್ತಿಕಾ. ತೌಕ್ತೆ. ಲಾಕ್‌ಡೌನ್ ನಡುವೆ ಟಿವಿ ತುಂಬ ಅದೇ. ಭಟ್ಕಳ, ಹೊನ್ನಾವರ, ಕುಮಟಾ ಕರಾವಳಿಯಲ್ಲಿ ಸಮುದ್ರ ಉಕ್ಕಿತು, ಮನೆ ದೋಣಿಗಳಿಗೆ ಹಾನಿಯಾಯಿತು. ಮೂರು ಪತ್ರಿಕೆಯಲ್ಲಿ ಮೂರು ಹೆಸರು: ತೌಕ್ತೆ, ತೌತೆ, ಟೌಟೆ.

ಅದೇ ವರ್ಷದ ಜುಲೈ 23. ಪುಷ್ಯ ಮಳೆ. ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜಾರಿ ಅಡಿಕೆ ತೋಟಗಳು ಮಣ್ಣಿನಡಿ ಹೋದವು. ಅರಬೈಲ್ ಘಟ್ಟದ ರಸ್ತೆ ಕುಸಿಯಿತು. ಗುಳ್ಳಾಪುರದ ಸೇತುವೆ ಹೊಳೆ ಪಾಲಾಯಿತು. ಘಟ್ಟದ ಮೇಲಿನ ನಮ್ಮ ತಾಲೂಕುಗಳಿಗೆ ಆ ವರ್ಷ ಎರಡು ತಿಂಗಳ ಹಿಂದಿನ ತೌಕ್ತೆಗಿಂತ ದೊಡ್ಡ ಪೆಟ್ಟು ಕೊಟ್ಟದ್ದು ಇದು. ಇದಕ್ಕೆ ಹೆಸರಿಲ್ಲ.

2024ರ ಜುಲೈ 16. ಪುನರ್ವಸು. ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು 11 ಜನರನ್ನು ನುಂಗಿತು. ಅದಕ್ಕೂ ಹೆಸರಿಲ್ಲ.

ಇದರ ಮೇಲೆ ಮಳೆಗಾಲಕ್ಕೆ ಮೊದಲು, ಏಪ್ರಿಲ್ ಮೇ ತಿಂಗಳಲ್ಲಿ ಹತ್ತು ಹದಿನೈದು ನಿಮಿಷ ಬೀಸಿ ಒಂದೇ ಕೇರಿಯ ಅಡಿಕೆ ಮರಗಳನ್ನು ಸಾಲಾಗಿ ಮಲಗಿಸಿ ಹೋಗುವ ಗಾಳಿ ಇದೆಯಲ್ಲ, ಅದಕ್ಕಂತೂ ನಂಬರೂ ಇಲ್ಲ. ಜಿಲ್ಲಾ ವರದಿಗಾರಿಕೆ ಮಾಡುವ ನನ್ನಂಥವರಿಗೆ ಗೊತ್ತಿರುವ ವಿಷಯ: ಹೆಸರಿದ್ದ ಗಾಳಿಯ ಸುದ್ದಿ ಮುಖಪುಟಕ್ಕೆ ಹೋಗುತ್ತದೆ, ಹೆಸರಿಲ್ಲದ್ದು ಒಳಪುಟದ ಮೂಲೆಯಲ್ಲಿ "ಗಾಳಿ ಮಳೆಗೆ ಹಾನಿ" ಎಂಬ ನಾಲ್ಕು ಸಾಲಾಗುತ್ತದೆ. ಮನೆ ಮುರಿದವನಿಗೆ ಎರಡೂ ಒಂದೇ.

ಹೆಸರಿನಿಂದ ಉಪಯೋಗ ಇಲ್ಲವೇ?

ಇದೆ. ಕ್ಯಾರ್ ಮತ್ತು ಮಹಾ ಒಟ್ಟಿಗೆ ಇದ್ದಾಗ ಮೀನುಗಾರರಿಗೆ ಯಾವುದರ ಬಗ್ಗೆ ಎಚ್ಚರಿಕೆ ಎಂದು ಹೇಳಲು ಹೆಸರು ಬೇಕೇ ಬೇಕು. ರೇಡಿಯೋದಲ್ಲಿ ಅಕ್ಷಾಂಶ ರೇಖಾಂಶ ಓದುವುದಕ್ಕಿಂತ ಒಂದು ಸಣ್ಣ ಹೆಸರು ಜನರ ತಲೆಯಲ್ಲಿ ನಿಲ್ಲುತ್ತದೆ. ನಾನು ಹೆಸರಿನ ವಿರೋಧಿ ಅಲ್ಲ.

ಆದರೆ ಜೀವ ಉಳಿಸುವುದು ಹೆಸರಲ್ಲ, ಸಿದ್ಧತೆ. ಒಡಿಶಾದಲ್ಲಿ 1999ರಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತಿದ್ದರು. 2013ರ ಫೈಲಿನ್, 2019ರ ಫನಿ ಬಂದಾಗ ಸತ್ತವರ ಸಂಖ್ಯೆ ನೂರರೊಳಗೆ ಇತ್ತು. ನಡುವಿನ ವರ್ಷಗಳಲ್ಲಿ ಅಲ್ಲಿ ಆಶ್ರಯ ಕಟ್ಟಡಗಳು ಕಟ್ಟಲ್ಪಟ್ಟವು, ಊರಿನ ಜನರಿಗೆ ತರಬೇತಿ ಆಯಿತು, ಗಾಳಿ ಬರುವ ಮೊದಲೇ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಿದರು. ಇನ್ನೊಂದು ಕಡೆ 2017ರ ನವೆಂಬರಿನ ಒಖಿ ನೋಡಿ. ಅದಕ್ಕೂ ಹೆಸರಿತ್ತು. ಆದರೆ ಹೆಸರು ಬೀಳುವ ಹೊತ್ತಿಗೆ ಕೇರಳ, ಕನ್ಯಾಕುಮಾರಿಯ ಬಹಳಷ್ಟು ದೋಣಿಗಳು ಆಗಲೇ ಸಮುದ್ರದಲ್ಲಿದ್ದವು. ನೂರಾರು ಮೀನುಗಾರರು ಮರಳಲಿಲ್ಲ.

ನಾವು ಸಮುದ್ರದಿಂದ ದೂರ ಇರುವ ಘಟ್ಟದ ಮೇಲಿನವರು. ನಮಗೆ ಗಾಳಿಯ ಹೆಸರಿಗಿಂತ ಮಳೆಯ ಮಿಲಿಮೀಟರ್ ಮುಖ್ಯ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಹಳಬರ ಲೆಕ್ಕದಲ್ಲಿ ಕೊನೆಯದ್ದು ಎಂಟು ಇಂಚು. ಗುಡ್ಡಕ್ಕೆ, ಧರೆಗೆ, ಕಾಲುಸಂಕಕ್ಕೆ ಅರ್ಥವಾಗುವುದು ಈ ಅಂಕಿ ಮಾತ್ರ. 2024ರ ನವೆಂಬರ್ ಕೊನೆಗೆ ಪುದುಚೇರಿ ಕಡೆ ಹೊಡೆದ ಫೆಂಗಲ್ ನಮ್ಮ ಕಡೆ ಬರುವಷ್ಟರಲ್ಲಿ ಚಂಡಮಾರುತವಾಗಿ ಉಳಿದಿರಲಿಲ್ಲ. ಆದರೆ ಅಂಗಳದಲ್ಲಿ ಅಡಿಕೆ ಒಣಹಾಕಿದ ಮಲೆನಾಡಿನವರಿಗೆ ಮೋಡ, ಮಳೆ ಬಂದದ್ದು ಬಂದೇ ಇತ್ತು.

ಹಣದ ಲೆಕ್ಕ

ಈಗ ಪರಿಹಾರದ ಮಾತು. ಪ್ರಕೃತಿ ವಿಕೋಪ ಪರಿಹಾರದ ಕೇಂದ್ರ ಮಾರ್ಗಸೂಚಿಯಲ್ಲಿ ಚಂಡಮಾರುತ ಇದೆ, ಪ್ರವಾಹ ಇದೆ, ಭೂಕುಸಿತ ಇದೆ, ಮೇಘಸ್ಫೋಟ ಇದೆ, ಆಲಿಕಲ್ಲು ಇದೆ. ಗಾಳಿಗೆ ಹೆಸರಿದ್ದರೆ ಮಾತ್ರ ಪರಿಹಾರ ಎಂಬ ಮಾತು ಎಲ್ಲೂ ಇಲ್ಲ. ಆದರೂ ಊರಲ್ಲಿ ಬಹಳ ಜನ "ಅದು ಚಂಡಮಾರುತ ಅಲ್ಲವಲ್ಲ, ನಮಗೇನು ಸಿಗ್ತದೆ" ಎಂದು ಅರ್ಜಿಯನ್ನೇ ಕೊಡುವುದಿಲ್ಲ.

ಸಿಗುವ ಮೊತ್ತ ಎಷ್ಟು ಎಂಬುದನ್ನೂ ತಿಳಿದುಕೊಳ್ಳಿ. 2022ರಿಂದ 2026ರ ಅವಧಿಯ ಮಾರ್ಗಸೂಚಿಯಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ. ಬೆಳೆಹಾನಿ ಶೇ. 33 ಅಥವಾ ಹೆಚ್ಚಿರಬೇಕು, ಮಿತಿ ಎರಡು ಹೆಕ್ಟೇರ್. ಎಕರೆಗೆ ಲೆಕ್ಕ ಹಾಕಿದರೆ ಸುಮಾರು ಒಂಬತ್ತು ಸಾವಿರ. ಎಕರೆಗೆ 550 ಅಡಿಕೆ ಮರ ಎಂದು ಹಿಡಿದರೆ ಒಂದು ಮರಕ್ಕೆ ಹದಿನಾರು ಹದಿನೇಳು ರೂಪಾಯಿ. ಆ ಮರ ಫಸಲಿಗೆ ಬರಲು ಐದಾರು ವರ್ಷ ನೀರು ಗೊಬ್ಬರ ಹಾಕಿದ್ದೇವೆ. ಬಿದ್ದ ಮರ ಕಡಿದು ತೋಟದಿಂದ ಹೊರಗೆ ಹಾಕುವ ಕೂಲಿಗೂ ಈ ಹಣ ಸಾಲದು. ಎಕರೆಯಲ್ಲಿ ನೂರು ಮರ ಬಿದ್ದರೆ ಅದು ಶೇ. 33 ಮುಟ್ಟುವುದೂ ಇಲ್ಲ. ನಮ್ಮ ಶಾಸಕರು, ಸಂಸದರು ಕೇಳಬೇಕಾದ ಪ್ರಶ್ನೆ ಇದು: ಸಾಲುಸಾಲಾಗಿ ಬೀಳುವ ತೋಟದ ಮರಕ್ಕೆ ಎಕರೆಯ ಶೇಕಡಾ ಲೆಕ್ಕದ ಬದಲು ಮರದ ಲೆಕ್ಕ ಯಾಕಿಲ್ಲ?

ಹವಾಮಾನ ಆಧಾರಿತ ಬೆಳೆ ವಿಮೆ ಇನ್ನೊಂದು ದಾರಿ. ಅಡಿಕೆ, ಕಾಳುಮೆಣಸಿಗೆ ವಿಮಾ ಮೊತ್ತದ ಶೇ. 5ರಷ್ಟನ್ನು ನಾವು ಕಟ್ಟುತ್ತೇವೆ. ಅದು ನೋಡುವುದು ಪಂಚಾಯಿತಿ ಮಟ್ಟದ ಮಳೆಮಾಪಕದ ಅಂಕಿಯನ್ನು. ಅದಕ್ಕೆ ತೌಕ್ತೆಯೂ ಗೊತ್ತಿಲ್ಲ, ಪುಷ್ಯವೂ ಗೊತ್ತಿಲ್ಲ. ಮಾಪಕ ಕೆಟ್ಟು ನಿಂತರೆ ನಿಮ್ಮ ತೋಟದಲ್ಲಿ ಸುರಿದ ಮಳೆ ಕಾಗದದಲ್ಲಿ ಸುರಿಯಲೇ ಇಲ್ಲ ಎಂದಾಗುತ್ತದೆ. ಚಂಡಮಾರುತದ ಹೆಸರಿನ ಬಗ್ಗೆ ಮೂರು ದಿನ ಮಾತಾಡುವ ನಾವು, ಪಂಚಾಯಿತಿಯ ಮಳೆಮಾಪಕ ಎಲ್ಲಿದೆ, ಸರಿ ಇದೆಯೇ ಎಂದು ವರ್ಷಕ್ಕೊಮ್ಮೆಯೂ ಕೇಳುವುದಿಲ್ಲ.

ಮಾಡಬಹುದಾದದ್ದು

ಒಂದು, ಚಂಡಮಾರುತದ ಹೆಸರು ಫೋನಿಗೆ ಬಂದಾಗ ಮೂರು ಪ್ರಶ್ನೆ ಕೇಳಿ: ಇದು ಯಾವ ತಾರೀಕಿನ ಸುದ್ದಿ, ಎಲ್ಲಿ ನೆಲ ಮುಟ್ಟುತ್ತದೆ, ನಮ್ಮ ಜಿಲ್ಲೆಗೆ ಹಳದಿಯೋ ಕಿತ್ತಳೆಯೋ ಕೆಂಪೋ. ಮೂರಕ್ಕೂ ಉತ್ತರ ಇಲ್ಲದ ಸಂದೇಶವನ್ನು ಮುಂದೆ ಕಳಿಸಬೇಡಿ. ಹವಾಮಾನ ಇಲಾಖೆಯ ಮೌಸಮ್, ಕೃಷಿಗೆ ಮೇಘದೂತ, ಸಿಡಿಲಿಗೆ ದಾಮಿನಿ ಎಂಬ ಆ್ಯಪ್‌ಗಳು ಪುಕ್ಕಟೆ ಇವೆ.

ಎರಡು, ಹೆಸರಿಲ್ಲದ ಮಳೆ ಎಂದು ಮಲಗಬೇಡಿ. ಒಂದು ದಿನ ಎಂಟು ಇಂಚು, ಅಥವಾ ನಾಲ್ಕೈದು ದಿನ ಬಿಡದೆ ಜೋರು ಮಳೆ ಆದರೆ ಧರೆಯ ಕೆಳಗಿನ ಮನೆಯವರು ರಾತ್ರಿ ಬೇರೆ ಕಡೆ ಉಳಿಯುವುದು ಒಳ್ಳೆಯದು. ಗುಡ್ಡದಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಕೆಸರಾಗುವ ಒರತೆ, ವಾಲಿದ ಮರ ಕಂಡರೆ ಪಂಚಾಯಿತಿಗೆ ತಿಳಿಸಿ.

ಮೂರು, ಮರ ಬಿದ್ದರೆ ಕಡಿಯುವ ಮೊದಲು ಫೋಟೋ ತೆಗೆಯಿರಿ. ಅರ್ಜಿಯಲ್ಲಿ "ತೌಕ್ತೆಯಿಂದ ಹಾನಿ" ಎಂದಷ್ಟೇ ಬರೆದರೆ ಸಾಲದು. ತಾರೀಕು, ಹೊತ್ತು, ಸರ್ವೆ ನಂಬರ್, ಬಿದ್ದ ಮರದ ಸಂಖ್ಯೆ ಬರೆಯಿರಿ. ಗ್ರಾಮ ಆಡಳಿತ ಅಧಿಕಾರಿ ಸ್ಥಳಕ್ಕೆ ಬಂದು ಪಂಚನಾಮೆ ಮಾಡುವಂತೆ ಕೇಳಿ, ಅರ್ಜಿಗೆ ಸ್ವೀಕೃತಿ ಪಡೆಯಿರಿ.

ನಾಲ್ಕು, ಭೈರುಂಬೆ ಇರಲಿ, ನಿಮ್ಮ ಪಂಚಾಯಿತಿ ಇರಲಿ, ಮುಂದಿನ ಗ್ರಾಮಸಭೆಯಲ್ಲಿ ಒಂದೇ ಬೇಡಿಕೆ ಇಡಿ: ಮಳೆಮಾಪಕದ ಹಿಂದಿನ ದಿನದ ಅಂಕಿಯನ್ನು ಪಂಚಾಯಿತಿಯ ಫಲಕದ ಮೇಲೆ ಮಳೆಗಾಲವಿಡೀ ಬರೆಯಬೇಕು. ಇದಕ್ಕೆ ಖರ್ಚು ಒಂದು ಸೀಮೆಸುಣ್ಣ. ಮಾಪಕ ಕೆಟ್ಟ ದಿನವೇ ಊರಿಗೆಲ್ಲ ಗೊತ್ತಾಗುತ್ತದೆ, ವಿಮೆ ಬಾರದ ಮೇಲೆ ಅಲ್ಲ.

ಐದು, ಮನೆಯಲ್ಲಿ ಒಂದು ನೋಟುಬುಕ್ ಇಡಿ. ತಾರೀಕು, ನಕ್ಷತ್ರ, ಮಳೆ ಎಷ್ಟು, ಏನು ಹಾನಿ, ಕೊಳೆಗೆ ಔಷಧಿ ಹೊಡೆದದ್ದು ಯಾವಾಗ. ಅಜ್ಜನ ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಇಂಥ ಟಿಪ್ಪಣಿಗಳು ನಮ್ಮ ಕೆಲವು ಮನೆಗಳಲ್ಲಿ ಇನ್ನೂ ಸಿಗುತ್ತವೆ. ಅದನ್ನೇ ಮುಂದುವರಿಸಿದರೆ ಸಾಕು.

ಪಟ್ಟಿಯಲ್ಲಿ ಇನ್ನೂ ನೂರಕ್ಕೂ ಹೆಚ್ಚು ಹೆಸರು ಬಾಕಿ ಇವೆ. ಭಾರತ ಕೊಟ್ಟವುಗಳಲ್ಲಿ ಪ್ರಭಂಜನ್, ಅಂಬುದ್, ಜಲಧಿ, ವೇಗ ಎಂಬ ಕೇಳಿದ ಶಬ್ದಗಳೇ ಇವೆ. ಅವು ಒಂದೊಂದಾಗಿ ಬರುತ್ತವೆ, ಹೋಗುತ್ತವೆ, ಮತ್ತೆ ಬರುವುದಿಲ್ಲ. ಆರ್ದ್ರೆ, ಪುಷ್ಯ, ಹಸ್ತ ಮಾತ್ರ ಮುಂದಿನ ವರ್ಷವೂ ಬರುತ್ತವೆ. ಆಗ ಪಂಚಾಯಿತಿ ಫಲಕದ ಮೇಲೆ ಅಂಕಿ ಇರಬೇಕು.